ಸನ್ಯಾಸಿ ಮತ್ತು ಸ್ಟೀಲ್ ಲೋಟ

ಮಾರ್ಚ್ 3, ಸೋಮವಾರ

ಮಾತಿನ ಟೀಚರ್ ಹೇಳಿದರೆಂದು ಬರೆಯಲು ಕೂತಿದ್ದೇನೆ. ಪಾರ್ಶ್ವವಾಯು ಹೊಡೆದು ಮಾತು ಹೋದವರಿಗೆ ಮತ್ತೆ ಮಾತು ಬರಿಸುವುದು ಅವರ ಕಸುಬು. ಶನಿವಾರ ಶನಿವಾರ ಮನೆಗೆ ಬರುತ್ತಾರೆ. "ನಿಮ್ಮ ಮನೆಯವರು ದಿನಾ ಏನು ಮಾಡಿದ್ರು, ಹೇಗೆ ಕರೆದ್ರು, ಎಲ್ಲಾ ಬರೆದಿಟ್ಕೊಳ್ಳಿ. ನನಗೆ ತೋರಿಸೋದು ಬೇಡ. ಬರೀತಿದ್ರೆ ನಿಮ್ಮ ಗಮನ ಅವರ ಮೇಲಿರುತ್ತೆ" ಅಂದರು. ನನ್ನ ಗಮನ ಇನ್ನೆಲ್ಲಿಗೆ ಹೋಗುತ್ತದೆ ಎಂದು ಕೇಳಬೇಕೆನಿಸಿತು, ಕೇಳಲಿಲ್ಲ.

ಇರಲಿ. ನನ್ನ ಹೆಂಡತಿ ಇಪ್ಪತ್ತು ವರ್ಷ ಕಾರು ಓಡಿಸಲು ಕಲಿಸಿದವಳು. ಕ್ಲಚ್ ಬಿಡಲಾರದೆ ಒದ್ದಾಡುವವರ ಪಕ್ಕದಲ್ಲಿ ಕೂತು ಊರಿನ ಸುದ್ದಿಯೆಲ್ಲ ಹೇಳಿ ನಗಿಸುತ್ತಿದ್ದಳು. ಬಾಯಿಗೆ ಬಿಡುವೇ ಇರಲಿಲ್ಲ. ಗಾಡಿ ನಿಲ್ಲಿಸು ಎನ್ನುವುದಕ್ಕೆ ಮಾತ್ರ ಮಾತು ಖರ್ಚು ಮಾಡುತ್ತಿರಲಿಲ್ಲ, ಡ್ಯಾಶ್‌ಬೋರ್ಡನ್ನು ಎರಡು ಸಲ ತಟ್ಟುತ್ತಿದ್ದಳು, ಅಷ್ಟೆ. ಈಗ ಬಲಗೈ, ಬಲಗಾಲು, ನಾಲಿಗೆ ಮೂರೂ ಒಟ್ಟಿಗೆ ಮುಷ್ಕರ ಹೂಡಿವೆ. ನಾವು ಹೇಳುವುದೆಲ್ಲ ಅವಳಿಗೆ ತಿಳಿಯುತ್ತದೆ, ತಿರುಗಿ ಹೇಳಲು ಬರುವುದಿಲ್ಲ. ಮಂಚದ ಪಕ್ಕದ ಸ್ಟೂಲಿನ ಮೇಲೆ ಸ್ಟೀಲ್ ಲೋಟ, ಒಂದು ಚಮಚ ಇಟ್ಟಿದ್ದೇನೆ. ಏನಾದರೂ ಬೇಕಾದರೆ ಎಡಗೈಯಲ್ಲಿ ಚಮಚ ಹಿಡಿದು ಲೋಟಕ್ಕೆ ಎರಡೇಟು ಬಡಿದು ಕರೆಯುತ್ತಾಳೆ. ಟಣ್ ಟಣ್. ಎಲ್ಲಿದ್ದರೂ ಓಡುತ್ತೇನೆ.

"ಇದೂ ಮಾತೇ ಅಂತ ತಿಳ್ಕೊಳ್ಳಿ" ಅಂದರು ಟೀಚರ್. "ಕರೆದಾಗ ಯಾರಾದ್ರೂ ಬರ್ಲೇಬೇಕು. ಕರೆದು ಕರೆದು ಯಾರೂ ಬರ್ಲಿಲ್ಲ ಅಂದ್ರೆ ಕರೆಯೋದನ್ನೇ ಬಿಟ್ಬಿಡ್ತಾರೆ. ಆಮೇಲೆ ನನ್ನ ಕೈಯಲ್ಲೂ ಏನೂ ಆಗಲ್ಲ. ಈ ಕೆಲವು ತಿಂಗಳೇ ಮುಖ್ಯ." ಮೊದಲು ಯಾವ ಪದ ಹೆಚ್ಚು ಹೇಳುತ್ತಿದ್ದಳು ಎಂದು ಕೇಳಿದರು. ಈ ವಯಸ್ಸಿನಲ್ಲಿ ನಾಚಿಕೆಯಾಯಿತು. "ರೀ" ಅಂದೆ. ನನ್ನನ್ನು ಕರೆಯುವುದಕ್ಕೆ, ಬೈಯುವುದಕ್ಕೆ, ಪಾತ್ರೆ ತೊಳೆಯಲು ಎಬ್ಬಿಸುವುದಕ್ಕೆ, ಎಲ್ಲಕ್ಕೂ ಅದೇ. "ಹಾಗಾದ್ರೆ ಅದರಿಂದ್ಲೇ ಶುರು ಮಾಡೋಣ" ಅಂದರು.

ಇವತ್ತು ನೀರಿಗೆ ಕರೆದಳು, ಮಗ್ಗುಲು ಬದಲಿಸಲು ಕರೆದಳು, ಕಿಟಕಿ ತೆಗೆಯಲು ಕರೆದಳು. ಇನ್ನೊಮ್ಮೆ ಸುಮ್ಮನೆ ಕರೆದಳು. ಹೋಗಿ ಮಂಚದ ಅಂಚಿಗೆ ಕೂತೆ. ಅವಳು ನನ್ನನ್ನು ನೋಡಿದಳು, ನಾನು ಅವಳನ್ನು ನೋಡಿದೆ.

ಮಾರ್ಚ್ 5, ಬುಧವಾರ

ಅರ್ಜೆಂಟಪ್ಪನವರ ಫೋನ್. ಆಸ್ಪತ್ರೆಯ ಕಂಪ್ಯೂಟರ್ ವಿಭಾಗದಲ್ಲಿ ನನ್ನ ಮೇಲಧಿಕಾರಿ. ಈ ಹೆಸರು ನಾನಿಟ್ಟದ್ದು, ಅವರಿಗೆ ಗೊತ್ತಿಲ್ಲ. ಅವಳಿಗೆ ಹೀಗಾದ ಮೇಲೆ ನನ್ನನ್ನು ಮನೆಯಿಂದಲೇ ಕೆಲಸ ಮಾಡಲು ಬಿಟ್ಟವರೂ ಅವರೇ, ಆದ್ದರಿಂದ ಬೈಯುವ ಹಾಗಿಲ್ಲ.

ಹೃದ್ರೋಗದ ವಾರ್ಡಿನ ಕಂಪ್ಯೂಟರ್ ಇಂದೋ ನಾಳೆಯೋ ಎನ್ನುವ ಸ್ಥಿತಿಗೆ ಬಂದಿದೆ. ಪ್ರತಿ ಹಾಸಿಗೆಯ ಪಕ್ಕ ಎದೆಬಡಿತ ಅಳೆಯುವ ಪೆಟ್ಟಿಗೆ ಇದೆ. ಎಲ್ಲವೂ ಸಿಸ್ಟರ್‌ಗಳ ಮೇಜಿನ ಆ ಒಂದು ಕಂಪ್ಯೂಟರಿಗೆ ವರದಿ ಒಪ್ಪಿಸುತ್ತವೆ. ಯಾರ ಬಡಿತ ಕೆಟ್ಟರೂ ಪರದೆಯ ಮೇಲೆ ಅವರ ಚೌಕ ಕೆಂಪಾಗಬೇಕು. ಈಗ ಕೆಂಪಾಗುವುದು ತಡವಾಗುತ್ತಿದೆ. ಹೃದಯದ ವಿಷಯದಲ್ಲಿ ತಡ ಅಂದರೆ ಏನೆಂದು ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಹೊಸ ಕಂಪ್ಯೂಟರ್ ಕೊಳ್ಳುವುದಿಲ್ಲವಂತೆ. ನೆಲಮಾಳಿಗೆಯ ದೊಡ್ಡ ಸರ್ವರಿನೊಳಗೆ ಒಂದು ವರ್ಚುವಲ್ ಮೆಷಿನ್ ಮಾಡಿ ಅದಕ್ಕೆ ಈ ಕೆಲಸ ವಹಿಸಬೇಕು, ಮೇಜಿನ ಮೇಲೆ ಬರೀ ಪರದೆ ಮತ್ತು ಅಂಗೈಯಗಲದ ಡಬ್ಬಿ ಉಳಿಯುತ್ತದೆ. ಒಂದೇ ಮನೆಯನ್ನು ಕೋಣೆ ಕೋಣೆಯಾಗಿ ಬಾಡಿಗೆಗೆ ಕೊಟ್ಟ ಹಾಗೆ, ಒಂದೇ ಕಬ್ಬಿಣದೊಳಗೆ ಹತ್ತಾರು ಕಂಪ್ಯೂಟರ್. ಒಳಗೆ ಕೂರುವ ಆಪರೇಟಿಂಗ್ ಸಿಸ್ಟಮ್ಮಿಗೆ ನಾವು ಗೆಸ್ಟ್ ಎನ್ನುತ್ತೇವೆ. ಯಾವ ಗೆಸ್ಟನ್ನು ಕೂರಿಸುತ್ತೇವೆ ಎನ್ನುವುದರ ಮೇಲೆ ವೇಗ ನಿಂತಿದೆ.

ಉಮೇದುವಾರರು ಮೂವರು. ಮೊದಲನೆಯವನು ಹಳಬ, ಈಗ ವಾರ್ಡಿನಲ್ಲಿ ಓಡುತ್ತಿರುವ ಸಿಸ್ಟಮ್ಮೇ, ಅದನ್ನೇ ಎತ್ತಿ ಒಳಗಿಡುವುದು. ಎರಡನೆಯವನು ಶೋಕಿಲಾಲ, ಹೊಸತು, ಮಿರಿಮಿರಿ ಮಿಂಚುತ್ತಾನೆ. ಮೂರನೆಯವನು ಸನ್ಯಾಸಿ. ಅವನಿಗೆ ಅಲಂಕಾರವಿಲ್ಲ, ಬೇಕಾದ್ದನ್ನಷ್ಟೇ ಕೊಟ್ಟರೆ ಅಷ್ಟರಲ್ಲೇ ಬದುಕುತ್ತಾನೆ. ತಿಂಗಳ ಕೊನೆಯೊಳಗೆ ಒಬ್ಬನನ್ನು ಆರಿಸಬೇಕು. ಬಹಳ ದಿನದ ಮೇಲೆ ಕೈಗೆ ಕೆಲಸ ಸಿಕ್ಕಿದ ಖುಷಿಯಾಯಿತು. ಬರೆಯುವುದರಲ್ಲಿ ತಪ್ಪೇನು, ಖುಷಿಯೇ ಆಯಿತು.

ಅವಳು ಕರೆದಾಗಲೆಲ್ಲ ಹೋದೆ.

ಮಾರ್ಚ್ 8, ಶನಿವಾರ

ನಾದಿನಿಯನ್ನು ಅವಳ ಹತ್ತಿರ ಕೂರಿಸಿ ಆಸ್ಪತ್ರೆಗೆ ಹೋಗಿಬಂದೆ. ನಾದಿನಿ ಬೇಕರಿಯ ಕೌಂಟರಿನಲ್ಲಿ ಮಧ್ಯಾಹ್ನದ ಪಾಳಿ ಮಾಡುತ್ತಾಳೆ, ಬೆಳಗ್ಗೆ ಬಸ್ಸು ಹಿಡಿದು ಇಲ್ಲಿಗೆ ಬರುತ್ತಾಳೆ. ಅಕ್ಕನಷ್ಟೇ ಬಾಯಿ.

ವಾರ್ಡಿನ ಹಿರಿಯ ಸಿಸ್ಟರ್ ನನ್ನನ್ನು ಕೂರಿಸಲೂ ಇಲ್ಲ. ಔಷಧಿ ಬಟ್ಟಲು ಜೋಡಿಸುತ್ತಲೇ ಮಾತಾಡಿದರು. "ಪರದೆ ನೋಡ್ತಾ ಕೂರೋಕೆ ನಮಗೆಲ್ಲಿ ಪುರುಸೊತ್ತು ಸಾರ್? ಅದು ಕೂಗುತ್ತೆ, ನಾವು ಓಡ್ತೀವಿ. ಹಾಸಿಗೆ ಪಕ್ಕದ ಪೆಟ್ಟಿಗೆಗಳ ಸದ್ದು ಆಫ್ ಮಾಡಿಟ್ಟಿದೀವಿ, ಪಾಪ ನಿದ್ದೆ ಮಾಡ್ಲಿ ಅಂತ. ಈಗ ಇದು ಹೇಳೋದೇ ತಡ. ನನಗೆ ಇನ್ನೇನೂ ಬೇಡ, ಬೇಗ ಹೇಳೋ ಹಾಗೆ ಮಾಡ್ಕೊಡಿ." ಬೇಗ ಎಂದು ಬರೆದುಕೊಂಡು ಕೆಳಗೆ ಗೆರೆ ಎಳೆದೆ.

ಆರನೇ ಹಾಸಿಗೆಯಲ್ಲಿ ಒಬ್ಬ ಟೈಲರ್ ತಾತ. ಈ ಸಿಸ್ಟರ್‌ಗಳ ಸಮವಸ್ತ್ರವನ್ನೆಲ್ಲ ಹೊಲಿದವರು ಅವರೇ ಅಂತೆ. ವೈರುಗಳ ನಡುವೆ ಮಲಗಿಕೊಂಡೇ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಏನ್ ಸಾರ್, ಎರಡನೇ ಗುಂಡಿ ಎಲ್ಲೋ ಬಿಟ್ಟು ಬಂದಿದೀರಿ? ಮನೇಲಿ ಹೇಳಿ ಹಾಕಿಸ್ಕೊಳ್ಳಿ" ಅಂದರು. ಹೂಂ ಅಂದೆ.

ಟೀಚರ್ ಬಂದಾಗ ನಾನಿರಲಿಲ್ಲ. ಅವಳು ಬಾಯಗಲಿಸಿ ಹಲ್ಲು ಕಾಣುವ ಹಾಗೆ ಮಾಡಿದಳಂತೆ. ರೀ ಅನ್ನಲು ಬಾಯಿ ಹಾಗೆಯೇ ಆಗಬೇಕಂತೆ.

ಮಾರ್ಚ್ 12, ಬುಧವಾರ

ಹಳಬ ಸೋತ. ತಾನು ಬಾಡಿಗೆ ಕೋಣೆಯಲ್ಲಿದ್ದೇನೆ ಎನ್ನುವುದೇ ಆ ಪುಣ್ಯಾತ್ಮನಿಗೆ ಗೊತ್ತಿಲ್ಲ. ಡಿಸ್ಕಿಗೆ ಬರೆಯಬೇಕಾದರೆ ಯಾವುದೋ ಕಾಲದ ನಿಜವಾದ ಡಿಸ್ಕ್ ಹುಡುಕುತ್ತಾನೆ. ಕೆಳಗಿನ ಸರ್ವರ್ ಅವನಿಗಾಗಿ ಆ ಹಳೆಯ ಡಿಸ್ಕಿನ ನಾಟಕವಾಡಬೇಕು. ಆ ನಾಟಕದಲ್ಲೇ ಹೊತ್ತು ಹೋಗುತ್ತದೆ. ವರ್ಚುವಲ್ ಮೆಷಿನ್ನಿಗೆಂದೇ ಮಾಡಿದ ಡ್ರೈವರ್ ಎಂಬ ಪುಟ್ಟ ಪ್ರೋಗ್ರಾಮು ಹಾಕೋಣವೆಂದರೆ ಅವನ ಕಾಲಕ್ಕೆ ಅದು ಹುಟ್ಟಿಯೇ ಇರಲಿಲ್ಲ. ಪ್ರೊಸೆಸರ್ ಹೆಚ್ಚು ಕೊಟ್ಟು ನೋಡಿದೆ, ಇನ್ನೂ ನಿಧಾನವಾದ. ಎಲ್ಲ ಪ್ರೊಸೆಸರೂ ಒಟ್ಟಿಗೆ ಬಿಡುವಾಗಲಿ ಎಂದು ಕಾಯುತ್ತಾ ನಿಲ್ಲುತ್ತಾನೆ.

ಪರೀಕ್ಷೆ ಹೀಗೆ: ಸುಳ್ಳು ರೋಗಿಯೊಬ್ಬನ ಬಡಿತ ಕೆಡಿಸುತ್ತೇನೆ, ಇಲ್ಲಿ ಮನೆಯ ಪರದೆಯ ಮೇಲೆ ಕಿಟಕಿ ತೆರೆದುಕೊಂಡು ಚೌಕ ಕೆಂಪಾಗುವುದನ್ನೇ ಕಾಯುತ್ತೇನೆ. ಕಣ್ಣು ಮಿಟುಕಿಸುವ ಹಾಗಿಲ್ಲ. ಎರಡು ಸಲ ಮಧ್ಯದಲ್ಲಿ ಲೋಟದ ಸದ್ದಾಯಿತು, ಎದ್ದು ಹೋದೆ, ಪರೀಕ್ಷೆ ಕೆಟ್ಟಿತು. ಮತ್ತೆ ಮೊದಲಿನಿಂದ.

ಮಾರ್ಚ್ 15, ಶನಿವಾರ

ಶೋಕಿಲಾಲನೂ ಸೋಲುವ ಲಕ್ಷಣ. ಡ್ರೈವರುಗಳೆಲ್ಲ ಇವೆ, ಓಡಲು ಶುರುಮಾಡಿದರೆ ಚೆನ್ನಾಗಿ ಓಡುತ್ತಾನೆ. ಆದರೆ ಸುಮ್ಮನಿರಲು ಬರುವುದಿಲ್ಲ. ಕೆಲಸವಿಲ್ಲದಾಗಲೂ ಏನೋ ಹುಡುಕುತ್ತಾನೆ, ಏನೋ ಜೋಡಿಸುತ್ತಾನೆ, ಹೊಸ ಆವೃತ್ತಿ ಬಂತೆಂದು ಬಾಗಿಲು ಬಡಿಯುತ್ತಾನೆ. ಒಂದೇ ಮನೆಯಲ್ಲಿ ಹತ್ತು ಜನ ಬಾಡಿಗೆದಾರರಿರುವಾಗ ಒಬ್ಬ ಹೀಗೆ ಕುಣಿದರೆ ಉಳಿದವರ ಗತಿ? ಒಳ್ಳೆಯ ಗೆಸ್ಟ್ ಅಂದರೆ ಕೆಲಸವಿಲ್ಲದಾಗ ಇದ್ದಾನೋ ಇಲ್ಲವೋ ತಿಳಿಯಬಾರದು.

ಟೀಚರ್ ಬಂದಿದ್ದರು. ನಾನು ಪರೀಕ್ಷೆಯ ಮಧ್ಯದಲ್ಲಿದ್ದೆ, ಹೊರಗೆ ಬರಲಾಗಲಿಲ್ಲ. ಹೋಗುವಾಗ ಬಾಗಿಲಲ್ಲಿ ನಿಂತು, "ಕರೆದಾಗ ಹೋಗ್ತಿದೀರಿ ತಾನೇ?" ಅಂದರು. ಹೋಗುತ್ತಿದ್ದೇನೆ ಅಂದೆ. ಹೋಗುತ್ತಿದ್ದೇನೆ. ಕೆಲವೊಮ್ಮೆ ಸ್ವಲ್ಪ ಕಾದು ಹೋಗುತ್ತೇನೆ, ಅಷ್ಟೆ.

ಮಾರ್ಚ್ 17, ಸೋಮವಾರ

ಬೆಳಗ್ಗೆಯಿಂದ ಟಣ್ ಟಣ್. ಹೋದರೆ ಏನೂ ಬೇಡ. ನನ್ನ ತೋಳು ಹಿಡಿದುಕೊಂಡು ಹಲ್ಲು ಕಾಣಿಸುತ್ತಾಳೆ. ಅರ್ಜೆಂಟಪ್ಪನವರ ಫೋನ್ ಬೇರೆ. "ಏನೂ ಬೇಡ ಅಂದ್ಮೇಲೆ ಯಾಕೆ ಬಡೀತೀಯ?" ಅಂದೆ. ಗಟ್ಟಿಯಾಗಿ ಅನ್ನಲಿಲ್ಲ. ಕೋಣೆಯ ಬಾಗಿಲು ಹಾಕಿಕೊಂಡೆ, ಆದರೂ ಕೇಳುತ್ತದೆ. ಸ್ಟೀಲಿನ ಸದ್ದು ಗೋಡೆಯನ್ನೂ ದಾಟುತ್ತದೆ.

ಮಾರ್ಚ್ 20, ಗುರುವಾರ

ಸನ್ಯಾಸಿ! ಇವನ ಬಗ್ಗೆ ಎಷ್ಟು ಬರೆದರೂ ಕಡಿಮೆಯೇ.

ಮೊದಲ ಓಟದಲ್ಲೇ ಶೋಕಿಲಾಲನನ್ನು ಹಿಂದೆ ಹಾಕಿದ. ಆಮೇಲೆ ನಾನು ಒಂದೊಂದಾಗಿ ಕಳಚುತ್ತಾ ಹೋದೆ. ನನ್ನ ಕಸುಬಿನಲ್ಲಿ ಇದರಷ್ಟು ಸುಖದ ಕೆಲಸ ಇನ್ನೊಂದಿಲ್ಲ. ಪ್ರಿಂಟರಿನ ಸೇವೆ ತೆಗೆದೆ, ವಾರ್ಡಿನಲ್ಲಿ ಪ್ರಿಂಟರೇ ಇಲ್ಲ. ಹಿನ್ನೆಲೆಯ ಚಿತ್ರ ತೆಗೆದೆ. ಫೈಲು ಹುಡುಕುವ ಸೇವೆ, ಸೌಂಡ್ ಕಾರ್ಡು, ಕ್ಯಾಮೆರಾ, ಸಿ.ಡಿ. ಓದುವ ಡ್ರೈವು, ಯಾವುದೂ ಇಲ್ಲಿ ಕೆಲಸಕ್ಕೆ ಬರುವುದಿಲ್ಲ, ಕಾಲಿಗೆ ತೊಡರುತ್ತವೆ ಅಷ್ಟೆ, ಎಲ್ಲ ತೆಗೆದೆ. ಒಂದೊಂದು ತೆಗೆದಾಗಲೂ ಅವನು ಹಗುರಾದ. ಕೊನೆಗೆ ಉಳಿದದ್ದು ಬಡಿತ ಕಾಯುವ ಪ್ರೋಗ್ರಾಮು, ನೆಟ್‌ವರ್ಕಿನ ಡ್ರೈವರು, ಡಿಸ್ಕಿನ ಡ್ರೈವರು, ಪರದೆ. ಸುಳ್ಳು ರೋಗಿಯ ಬಡಿತ ಕೆಡಿಸಿದೆ. ಕೀಲಿಮಣೆಯಿಂದ ಕೈ ಎತ್ತುವ ಮೊದಲೇ ಚೌಕ ಕೆಂಪಾಗಿತ್ತು. ಮತ್ತೆ ಮಾಡಿದೆ, ಮತ್ತೆ ಹಾಗೆಯೇ.

ತಂತ್ರಾಂಶ ಮಾರಿದವರ ಕಾಗದವನ್ನೂ ನೋಡಿದೆ. ಇಷ್ಟು ಮೆಮೊರಿ, ಇಷ್ಟು ಡಿಸ್ಕ್, ಇಷ್ಟು ನೆಟ್‌ವರ್ಕ್ ಬೇಕು ಎಂದಿದೆ. ಇನ್ನೇನೂ ಬೇಕೆಂದಿಲ್ಲ.

ಬೇಡದ್ದನ್ನು ಬಿಟ್ಟರೆ ಎಷ್ಟು ಹಗುರ! ಟಿ.ವಿ. ಕನೆಕ್ಷನ್ ತೆಗೆಸಿಬಿಟ್ಟೆ, ಯಾರೂ ನೋಡುವುದಿಲ್ಲ. ಡ್ರೈವಿಂಗ್ ಕಲಿತ ಹಳೆಯ ಶಿಷ್ಯೆಯರು ಭಾನುವಾರ ನೋಡಲು ಬರುತ್ತೇವೆ ಅಂದರು. ಅವಳಿಗೆ ಆಯಾಸವಾಗುತ್ತದೆ, ಇನ್ನೊಮ್ಮೆ ಬನ್ನಿ ಅಂದೆ.

ಮಾರ್ಚ್ 22, ಶನಿವಾರ

ಸ್ಟೀಲ್ ಲೋಟದ ಬದಲು ಪ್ಲಾಸ್ಟಿಕ್ ಲೋಟ ತಂದೆ. ಮುಚ್ಚಳ ಇದೆ, ಸ್ಟ್ರಾ ಇದೆ, ಕೈ ತಗುಲಿ ಬಿದ್ದರೂ ನೀರು ಚೆಲ್ಲುವುದಿಲ್ಲ. ಎಲ್ಲ ರೀತಿಯಿಂದಲೂ ಅನುಕೂಲ. ಸ್ಟೀಲ್ ಲೋಟ ನನ್ನ ಮೇಜಿನ ಮೇಲೆ ಸ್ಕ್ರೂಡ್ರೈವರ್ ಇಡಲು ಆಯಿತು.

ಟೀಚರಿಗೆ ಜ್ವರವಂತೆ, ಎರಡು ಮೂರು ವಾರ ಬರುವುದಿಲ್ಲವಂತೆ.

ಮಾರ್ಚ್ 24, ಸೋಮವಾರ

ಅವಳಲ್ಲಿ ಸುಧಾರಣೆ ಕಾಣುತ್ತಿದೆ. ಮೊದಲಿನ ಹಾಗೆ ಚಡಪಡಿಸುವುದಿಲ್ಲ. ಇಡೀ ಬೆಳಗ್ಗೆ ಒಮ್ಮೆಯೂ ಎಬ್ಬಿಸಲಿಲ್ಲ. ಸನ್ಯಾಸಿಯ ಅಂತಿಮ ಪರೀಕ್ಷೆ ಒಂದೇ ಓಟದಲ್ಲಿ ಮುಗಿಯಿತು.

ಮಾರ್ಚ್ 26, ಬುಧವಾರ

ನಾದಿನಿ ಜಗಳ ತೆಗೆದಳು. ಬೆಳಗ್ಗೆ ಬಂದವಳೇ ನನ್ನ ಕೋಣೆಯ ಬಾಗಿಲು ತಳ್ಳಿ, "ಭಾವ, ಅಕ್ಕನ ಬಟ್ಟೆಯೆಲ್ಲ ಒದ್ದೆ. ಎಷ್ಟೊತ್ತಿಂದ ಹಾಗೇ ಮಲಗಿದ್ದಾಳೋ ಏನೋ! ನೀವೇನು ಕಿವಿಗೆ ಹತ್ತಿ ಇಟ್ಕೊಂಡು ಕೂತಿದೀರಾ?" ಅಂದಳು.

"ಅವಳು ಕರೀಲೇ ಇಲ್ಲವಲ್ಲ" ಅಂದೆ.

"ಕರೀಲಿಲ್ವಾ? ಚಮಚ ಹಿಡ್ಕೊಂಡು ಆ ಪ್ಲಾಸ್ಟಿಕ್ಕಿಗೆ ಬಡೀತಾನೇ ಇದ್ಲು, ನಾನು ಬಂದಾಗ. ಟಪ್ ಟಪ್ ಅಂತ. ಪಕ್ಕದಲ್ಲಿ ನಿಂತವರಿಗೂ ಕೇಳಲ್ಲ. ನನ್ನ ನೋಡಿ 'ಈ… ಈ…' ಅಂದ್ಲು ಭಾವ. ಬಾಯಿಂದ ಸದ್ದು ಬಂತು. ನನ್ನ ಕರೆದದ್ದಲ್ಲ, ನಿಮ್ಮನ್ನ. ಆ ಬಾಗಿಲ ಕಡೆ ನೋಡ್ಕೊಂಡೇ ಅಂದ್ಲು."

ಕೂಡಲೇ ಎದ್ದು ಹೋಗಿ "ಎಲ್ಲಿ, ಇನ್ನೊಂದ್ಸಲ ಅನ್ನು" ಅಂದೆ. ಅವಳು ಗೋಡೆ ನೋಡುತ್ತಿದ್ದಳು. ನಾದಿನಿಗೆ ಎಲ್ಲವನ್ನೂ ಹಿಗ್ಗಿಸಿ ಹೇಳುವ ಚಾಳಿ ಇದೆ. ಆದರೂ ಸಂಕಟವಾಯಿತು. ವಾರ್ಡಿನ ಕೆಲಸ ಮುಗಿಯಲಿ, ಆಮೇಲೆ ದಿನವಿಡೀ ಅವಳ ಹತ್ತಿರವೇ ಕೂರುತ್ತೇನೆ. ಹತ್ತು ಹನ್ನೆರಡು ದಿನದ ಮಾತು.

ಮಾರ್ಚ್ 31, ಸೋಮವಾರ

ಸನ್ಯಾಸಿ ವಾರ್ಡಿಗೆ ಬಂದ. ಒಂದು ವಾರ ಹಳೆಯ ಕಂಪ್ಯೂಟರ್ ಮತ್ತು ಹೊಸ ಪರದೆ ಪಕ್ಕಪಕ್ಕದಲ್ಲೇ ಓಡುತ್ತವೆ. ಎಲ್ಲ ಸರಿ ಕಂಡರೆ ಹಳೆಯದನ್ನು ಕಿತ್ತುಹಾಕುವುದು. ಇದೇ ಕ್ರಮ, ಇಷ್ಟು ವರ್ಷ ಹೀಗೆಯೇ ಮಾಡಿದ್ದೇನೆ. ನಾನು ನಿಂತಿದ್ದಾಗಲೇ ಒಂಬತ್ತನೇ ಹಾಸಿಗೆಯವರ ವೈರು ಕಳಚಿತು. ಹೊಸ ಪರದೆಯಲ್ಲಿ ಫಕ್ಕನೆ ಕೆಂಪು, ಬೀಪ್ ಬೀಪ್ ಸದ್ದು, ಸಿಸ್ಟರ್ ಓಡಿದರು, ಹಳೆಯ ಪರದೆ ಆಮೇಲೆ ಆಕಳಿಸುತ್ತಾ ಕೆಂಪಾಯಿತು. ಸಿಸ್ಟರ್ ಮುಖದಲ್ಲಿ ಮೊದಲ ಸಲ ನಗು ಕಂಡೆ. "ಸಾರ್, ಇದು ಭಲೇ ಚುರುಕು" ಅಂದರು. ಅರ್ಜೆಂಟಪ್ಪನವರು ಬೆನ್ನು ತಟ್ಟಿದರು.

ಟೈಲರ್ ತಾತ ಮನೆಗೆ ಹೋಗಿದ್ದವರು ಮತ್ತೆ ಬಂದು ಆರನೇ ಹಾಸಿಗೆಯಲ್ಲೇ ಮಲಗಿದ್ದಾರೆ. "ಇನ್ನೂ ಗುಂಡಿ ಹಾಕಿಸಿಲ್ವಾ? ಮನೆಯವರು ಊರಲ್ಲಿಲ್ವಾ?" ಅಂದರು. ಹುಷಾರಿಲ್ಲ ಅಂದೆ. ಇನ್ನೇನೂ ಕೇಳದೆ ತಲೆದಿಂಬಿನ ಕೆಳಗಿನ ಚೀಲದಿಂದ ಸೂಜಿ ದಾರ ತೆಗೆದರು. ಬೆರಳಿಗೆ ಕ್ಲಿಪ್ಪು, ಎದೆಗೆಲ್ಲ ವೈರು, ಆದರೂ ಕೈ ನಡುಗಲಿಲ್ಲ. ಅಂಗಿ ಬಿಚ್ಚಿಸದೆ, ನನ್ನನ್ನು ಬಗ್ಗಿಸಿ ನಿಲ್ಲಿಸಿಕೊಂಡೇ ಗುಂಡಿ ಹೊಲಿದರು. "ಅಂಗಿ ಹರಿದ್ರೂ ಈ ಗುಂಡಿ ಬಿಡಲ್ಲ, ನೋಡಿ" ಎಂದು ದಾರವನ್ನು ಹಲ್ಲಿನಿಂದ ಕಡಿದರು. ಸಿಸ್ಟರ್ ಇಬ್ಬರಿಗೂ ಬೈದರು. ಎಷ್ಟೋ ದಿನದ ಮೇಲೆ ನಕ್ಕೆ.

ಏಪ್ರಿಲ್ 4, ಶುಕ್ರವಾರ

ಮನೆ ಶಾಂತ. ಬರೆಯುವಂಥದ್ದೇನೂ ಇಲ್ಲ.

ಏಪ್ರಿಲ್ 7, ಸೋಮವಾರ

ಬೆಳಗ್ಗೆ ಹಳೆಯ ಕಂಪ್ಯೂಟರಿನ ವೈರು ನಾನೇ ಕಿತ್ತೆ. ಸನ್ಯಾಸಿ ಒಬ್ಬನೇ ಓಡುತ್ತಿದ್ದಾನೆ. ವಾರ ಪೂರ್ತಿ ಒಂದು ದೂರೂ ಬರಲಿಲ್ಲ.

ಮನೆಗೆ ಬಂದಾಗ ನಾದಿನಿ ಅಡುಗೆಮನೆಯಲ್ಲಿ ಬೆನ್ನು ತಿರುಗಿಸಿ ನಿಂತಿದ್ದಳು. "ಅಕ್ಕ ಈಗ ನನ್ನನ್ನೂ ಕರೆಯಲ್ಲ ಭಾವ" ಅಂದಳು. ಆಯಾಸವಿರಬೇಕು ಅಂದೆ. ಸ್ಟ್ರಾ ಬಾಯಿಗಿಟ್ಟರೆ ಕುಡಿಯುತ್ತಾಳೆ, ಇಡದಿದ್ದರೆ ಇಲ್ಲ.

ಏಪ್ರಿಲ್ 9, ಬುಧವಾರ

ಟೈಲರ್ ತಾತ ತೀರಿಕೊಂಡರು.

ಮಧ್ಯಾಹ್ನ ಅರ್ಜೆಂಟಪ್ಪನವರ ಫೋನ್ ಬಂತು. ಅರ್ಜೆಂಟ್ ಎನ್ನುವ ಪದವನ್ನು ಇವತ್ತು ಬಳಸಲಿಲ್ಲ. ಊಟದ ಹೊತ್ತು, ಹಿರಿಯ ಸಿಸ್ಟರ್ ಒಬ್ಬರೇ ಇದ್ದರು, ಮೇಜಿಗೆ ಬೆನ್ನು ಹಾಕಿ ಔಷಧಿ ಅಳೆಯುತ್ತಿದ್ದರು. ತಿರುಗಿ ನೋಡಿದಾಗ ಆರನೇ ಚೌಕ ಕೆಂಪಗಿತ್ತು. ಎಷ್ಟು ಹೊತ್ತಿನಿಂದ ಕೆಂಪಗಿತ್ತೋ. ಓಡಿ ಹೋಗಿ ಎದೆ ಒತ್ತಿದರು, ಡಾಕ್ಟರು ಬಂದರು, ಏನೂ ಮಾಡಲಾಗಲಿಲ್ಲ.

"ಚೌಕ ಸರಿಯಾದ ಹೊತ್ತಿಗೇ ಕೆಂಪಾಗಿದೆ, ದಾಖಲೆ ನಾನೇ ನೋಡಿದೆ. ನಮ್ಮ ಕಡೆಯಿಂದ ತಪ್ಪಿಲ್ಲ. ನೋಡ್ಬೇಕಾದವರು ನೋಡಿಲ್ಲ, ಅಷ್ಟೆ. ನಾಳೆ ನಾಲ್ಕು ಸಾಲು ಬರೆದುಕೊಡಿ" ಅಂದರು. ಹೂಂ ಅಂದೆ. ಅಂಗಿಯ ಎರಡನೇ ಗುಂಡಿಯನ್ನು ಹಿಡಿದುಕೊಂಡೇ ಮಾತಾಡುತ್ತಿದ್ದೇನೆ ಎಂದು ಆಮೇಲೆ ತಿಳಿಯಿತು.

ಏಪ್ರಿಲ್ 10, ಗುರುವಾರ

ವಾರ್ಡಿಗೆ ಹೋದೆ. ಆರನೇ ಹಾಸಿಗೆಗೆ ಹೊಸ ಚಾದರ ಹಾಸಿದ್ದರು. ಹಿರಿಯ ಸಿಸ್ಟರ್ ಕುರ್ಚಿಯಲ್ಲಿ ಕೂತಿದ್ದರು. ಅವರು ಕೂತದ್ದನ್ನು ನಾನು ನೋಡಿರಲೇ ಇಲ್ಲ. "ಯಾಕೆ ಕೂಗ್ಲಿಲ್ಲ ಸಾರ್?" ಅಂದರು.

"ಕೆಂಪಾಗಿತ್ತಲ್ಲ ಸಿಸ್ಟರ್."

"ಕೆಂಪಾಗೋದು ಸರಿ. ಕೂಗ್ಲಿಲ್ಲ ಯಾಕೆ?"

ಸೌಂಡ್ ಕಾರ್ಡನ್ನು ನಾನೇ ತೆಗೆದಿದ್ದೆ. ಪ್ರಿಂಟರಿನ ಹಾಗೆ, ಕ್ಯಾಮೆರಾದ ಹಾಗೆ. ತಿಂಗಳಿಡೀ ಪರೀಕ್ಷೆ ಮಾಡಿದ್ದು ಮನೆಯ ಪರದೆಯ ಕಿಟಕಿಯಲ್ಲಿ, ಅದು ತರುವುದು ಚಿತ್ರ ಮಾತ್ರ, ಅದರಲ್ಲಿ ಯಾವ ಗೆಸ್ಟಿನ ಸದ್ದೂ ನನಗೆ ಕೇಳುತ್ತಿರಲಿಲ್ಲ, ಹಳಬನದೂ ಕೇಳಿರಲಿಲ್ಲ. ನಾನು ಕಾದದ್ದು ಬಣ್ಣಕ್ಕೆ. ವಾರ್ಡಿನಲ್ಲಿ ಒಂದು ವಾರ ಕೂಗಿದ್ದೆಲ್ಲ ಪಕ್ಕದಲ್ಲಿದ್ದ ಹಳೆಯ ಕಂಪ್ಯೂಟರು. ತಡವಾಗಿ ಕೆಂಪಾಗುತ್ತಿತ್ತು, ಅದರ ಕೂಗು ಮಾತ್ರ ಕೆಂಪಿಗಿಂತ ತುಸು ಮೊದಲೇ ಹೊರಡುತ್ತಿತ್ತು. ಎರಡೂ ಒಂದೇ ಮೇಜಿನ ಮೇಲೆ, ಯಾರ ಸದ್ದು ಯಾರದೆಂದು ಯಾರು ನೋಡುತ್ತಾರೆ? ಸೋಮವಾರ ನಾನು ಕಿತ್ತದ್ದು ಅದರ ಗಂಟಲನ್ನು.

ಎಲ್ಲವನ್ನೂ ಸಿಸ್ಟರಿಗೆ ಹೇಳಿದೆ. ಅವರು ಕೂಗಾಡಿದ್ದರೆ ಒಳ್ಳೆಯದಿತ್ತು. "ಎರಡು ದಿನದಿಂದ ವಾರ್ಡು ಎಷ್ಟು ಶಾಂತವಾಗಿದೆ ಅಂದ್ಕೊಂಡೆ" ಅಂದರು. "ಎಲ್ಲರೂ ಗುಣ ಆಗ್ತಿದಾರೆ ಅಂತ ಖುಷಿಪಟ್ಟೆ ಸಾರ್. ಖುಷಿಪಟ್ಟೆ ನಾನು."

ಅಲ್ಲೇ ನಿಂತು ಸೌಂಡ್ ಕಾರ್ಡು ಮತ್ತೆ ಹಾಕಿದೆ. ಸುಳ್ಳು ರೋಗಿಯ ಬಡಿತ ಕೆಡಿಸಿದೆ. ಬೀಪ್ ಬೀಪ್. ವೇಗ ಒಂದಿಷ್ಟೂ ಕಡಿಮೆಯಾಗಲಿಲ್ಲ. ಅದನ್ನು ತೆಗೆದು ನಾನು ಉಳಿಸಿದ್ದು ಏನೂ ಅಲ್ಲ.

ಏಪ್ರಿಲ್ 11, ಶುಕ್ರವಾರ

ತಪ್ಪು ನನ್ನದು, ಸಿಸ್ಟರದಲ್ಲ ಎಂದು ಬರೆದುಕೊಟ್ಟೆ. ಅರ್ಜೆಂಟಪ್ಪನವರು ಓದಿ, "ಇದನ್ನ ಹೀಗೇ ಕೊಡ್ಬೇಕಾ?" ಅಂದರು. ಹೀಗೇ ಅಂದೆ. ವಿಚಾರಣೆ ಮುಗಿಯುವವರೆಗೆ ಕೆಲಸಕ್ಕೆ ಬರಬೇಡಿ ಅಂದರು. ತಾತನ ಮಗಳು ಕಾರಿಡಾರಿನಲ್ಲಿ ಚೀಲ ಹಿಡಿದು ನಿಂತಿದ್ದರು. ಸೂಜಿ ದಾರದ ಚೀಲ. ಹೋಗಿ ಹೇಳಬೇಕಿತ್ತು. ಹತ್ತಿರದವರೆಗೂ ಹೋದೆ, ಹಾಗೆಯೇ ದಾಟಿ ಮೆಟ್ಟಿಲಿಳಿದೆ.

ಏಪ್ರಿಲ್ 12, ಶನಿವಾರ

ಟೀಚರ್ ಹುಷಾರಾಗಿ ಬಂದರು. ಅವಳ ಮುಂದೆ ಕೂತು ಬಾಯಗಲಿಸಿ ತೋರಿಸಿದರು. ಅವಳು ನೋಡಿದಳು, ಬಾಯಿ ತೆರೆಯಲಿಲ್ಲ. "ಕರೆಯೋದು ನಿಲ್ಲಿಸಿ ಎಷ್ಟು ದಿನ ಆಯ್ತು?" ಎಂದು ನನ್ನನ್ನು ಕೇಳಿದರು. ಈ ಪುಸ್ತಕವನ್ನು ಹಿಂದಕ್ಕೆ ತಿರುವಿದೆ. ಈ ಪುಟಗಳಲ್ಲಿ ಹಳಬ ಇದ್ದಾನೆ, ಶೋಕಿಲಾಲ ಇದ್ದಾನೆ, ಸನ್ಯಾಸಿ ಇದ್ದಾನೆ. ಅವಳು ಕೊನೆಯ ಸಲ ಕರೆದದ್ದು ಯಾವತ್ತೆಂದು ಇಲ್ಲ. ಟೀಚರ್ ಪ್ಲಾಸ್ಟಿಕ್ ಲೋಟವನ್ನು ಎತ್ತಿ, ಬೆರಳಿನಿಂದ ತಟ್ಟಿ ನೋಡಿ, ಹಾಗೆಯೇ ಕೆಳಗಿಟ್ಟರು. "ಮುಂದಿನ ವಾರ ಬರ್ತೀನಿ" ಅಂದರು.

ನಾದಿನಿ ಅವರನ್ನು ಕಳಿಸಲು ಹೊರಗೆ ಹೋದಳು. ನಾನು ನನ್ನ ಕೋಣೆಗೆ ಬಂದು ಸ್ಟೀಲ್ ಲೋಟದಿಂದ ಸ್ಕ್ರೂಡ್ರೈವರುಗಳನ್ನು ಮೇಜಿನ ಮೇಲೆ ಸುರಿದೆ. ತಳದಲ್ಲಿ ಎಣ್ಣೆಯ ಕಲೆ. ಹುಣಸೆ ಹಣ್ಣು ಹಾಕಿ ಉಜ್ಜಿ ತೊಳೆದೆ. ನೀರು ತುಂಬಿ ಸ್ಟೂಲಿನ ಮೇಲಿಟ್ಟೆ, ಪ್ಲಾಸ್ಟಿಕ್ಕಿನದನ್ನು ಕಸದ ಬುಟ್ಟಿಗೆ ಹಾಕಿದೆ. ಅವಳು ಎಲ್ಲವನ್ನೂ ನೋಡುತ್ತಿದ್ದಳು.

ಚಮಚ ತೆಗೆದುಕೊಂಡು ನಾನೇ ಎರಡೇಟು ಬಡಿದೆ. ಟಣ್ ಟಣ್. "ಹೀಗೆ ಕರಿ. ಏನೂ ಬೇಡದಿದ್ರೂ ಕರಿ. ಕೆಲಸ ಎಲ್ಲಾ ಬಿಟ್ಟಿದೀನಿ, ಎಷ್ಟು ಸಲ ಕರೆದ್ರೂ ಬರ್ತೀನಿ" ಅಂದೆ. ಮತ್ತೆ ಬಡಿದೆ.

ಅವಳ ಮುಖದಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ತಡೆದುಕೊಳ್ಳುತ್ತಿದ್ದೆ. ಎಡಗೈ ಚಾಚಿ ನನ್ನ ಕೈಯಿಂದ ಚಮಚ ತೆಗೆದುಕೊಂಡಳು. ನಾನು ಕಾದೆ. ಅವಳು ನನ್ನ ಕೋಣೆಯ ಬಾಗಿಲ ಕಡೆ ಒಮ್ಮೆ ನೋಡಿದಳು. ಆಮೇಲೆ ಚಮಚವನ್ನು ಲೋಟಕ್ಕೆ ತಗುಲದ ಹಾಗೆ, ಸ್ಟೂಲಿಗೂ ತಗುಲದ ಹಾಗೆ, ಬಹಳ ಜೋಪಾನವಾಗಿ ಹೊದಿಕೆಯ ಮೇಲೆ ಇಟ್ಟಳು. ಒಂದಿಷ್ಟೂ ಸದ್ದಾಗಲಿಲ್ಲ.